ಹದಕ್ಕೆ ಬಾರದ ಕೊಂಡಿ

ಆ ಬೀದಿಯಲ್ಲಿ ಎಲ್ಲರ ಮನೆಯ ಪೋರ್ಟಿಕೋದಲ್ಲೂ ಕಾರು ನಿಂತಿರುತ್ತದೆ, ಕೋಕಿಲಾ ಮನೆಯ ಪೋರ್ಟಿಕೋದಲ್ಲಿ ಮಾತ್ರ ಕಬ್ಬಿಣ ಕಡೆಯುವ ಲೇತ್ ಮಿಷನ್ನು. ಕಾರು ಪಾಪ, ಬೀದಿಯ ಹೊಂಗೆ ಮರದ ಕೆಳಗೆ ನಿಂತು ಕಾಗೆಗಳ ಹಿಕ್ಕೆಯಲ್ಲಿ ಮೀಯುತ್ತಿರುತ್ತದೆ. ಬಸವೇಶ್ವರನಗರದ ಹೆಂಗಸರಿಗೆ ಹುಚ್ಚುಗಳೇನು ಕಮ್ಮಿಯೇ? ಒಬ್ಬರಿಗೆ ತಾರಸಿ ತೋಟ, ಒಬ್ಬರಿಗೆ ವೀಣೆ, ಇನ್ನೊಬ್ಬರಿಗೆ ಬೇರೆಯವರ ಮನೆ ಸುದ್ದಿ. ಕೋಕಿಲಾಗೆ ಕಬ್ಬಿಣ. ಹೈಸ್ಕೂಲಿನಲ್ಲಿ ಸೈನ್ಸ್ ಟೀಚರಾಗಿದ್ದವಳು ಅವಧಿಗೆ ಮುಂಚೆಯೇ ಕೆಲಸ ಬಿಟ್ಟು, ಪೀಣ್ಯದ ಯಾವುದೋ ಮುಚ್ಚಿದ ಶೆಡ್ಡಿನಿಂದ ಹಳೇ ಲೇತು ತಂದು, ಅದರ ಮುಂದೆ ನಿಂತುಬಿಟ್ಟಳು. ಹಳೇ ಸ್ಕೂಟರು, ಹಳೇ ಬೈಕುಗಳಿಗೆ ಈಗ ಅಂಗಡಿಯಲ್ಲಿ ಸಿಗದ ಬಿಡಿಭಾಗಗಳನ್ನು ಅಚ್ಚೊತ್ತಿದ ಹಾಗೇ ಮಾಡಿಕೊಡುವುದು ಅವಳ ಕೆಲಸ.

ಚೆನ್ನಾಗಿ ಮಾಡುತ್ತಿದ್ದಳು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಹಳೇ ಗಾಡಿಯವರ ವಾಟ್ಸಾಪ್ ಗುಂಪಿನಲ್ಲಿ ‘ಕೋಕಿಲಾ ಮೇಡಂ ಕೈಯಿಂದ ಬಂದಿದ್ದು’ ಅಂದರೆ ಮುಗಿಯಿತು, ಮತ್ತೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಆ ಹೆಸರು ಅವಳಿಗೆ ಸ್ವಲ್ಪ ತಲೆಗೂ ಏರಿತ್ತು ಅನ್ನಿ. ಕೈಯಲ್ಲಿ ಕೆಲಸವಿರುವವರಿಗೆ ಅಷ್ಟಾದರೂ ಜಂಬ ಬೇಡವೇ?

ಆ ಭಾನುವಾರ ಬೆಳಕು ಹರಿಯುತ್ತಲೇ ಗೋವಿಂದರಾಜನಗರದ ಗುರುಸಿದ್ದಯ್ಯನವರು ತಮ್ಮ ಲ್ಯಾಂಬ್ರೆಟಾ ಸ್ಕೂಟರಿನೊಂದಿಗೆ ಗೇಟಿನ ಮುಂದೆ ಹಾಜರಾಗಿದ್ದರು. ದಾವಣಗೆರೆ ಕಡೆಯವರು, ತಹಸೀಲ್ದಾರರಾಗಿ ನಿವೃತ್ತರಾದವರು, ಎಪ್ಪತ್ತರ ಅಂಚಿನಲ್ಲಿದ್ದಾರೆ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ತಿರುಗಿದ ಗಾಡಿ. ಮೂಲೆ ಸೇರಿದ್ದನ್ನು ವರ್ಷಗಟ್ಟಲೆ ಮುದ್ದು ಮಾಡಿ ಎಬ್ಬಿಸಿದ್ದರು. ಉಳಿದಿದ್ದು ಒಂದೇ ಒಂದು ಸಾಮಾನು. ಕಾಲಡಿಯ ಬ್ರೇಕ್ ಪೆಡಲಿಗೂ ಹಿಂದಿನ ಚಕ್ರಕ್ಕೆ ಹೋಗುವ ಕೇಬಲ್ಲಿಗೂ ನಡುವೆ ಇರುವ ಹೆಬ್ಬೆರಳುದ್ದದ ಕೊಂಡಿ. ಹಳೆಯದು ಸವೆದು ತೂತು ಅಗಲವಾಗಿ ಗಡಗಡ ಅನ್ನುತ್ತಿತ್ತು.

ಕಂಪನಿಯವರು ಆ ಕೊಂಡಿಯನ್ನು ಮೆತ್ತಗಿನ ಕಬ್ಬಿಣದಲ್ಲಿ ಮಾಡಿದ್ದರು. ಅದಕ್ಕೇ ಸವೆದದ್ದು. ಕೋಕಿಲಾ ಸುಮ್ಮನೆ ನಕಲು ಮಾಡುವ ಆಸಾಮಿಯೇ? ‘ಸವೆಯೋ ಪ್ರಶ್ನೇನೇ ಬರಬಾರದು ಸಾರ್, ಹಾಗ್ ಮಾಡ್ಕೊಡ್ತೀನಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರತ್ತೆ’ ಅಂದು ಗಟ್ಟಿ ಉಕ್ಕು ತೆಗೆದುಕೊಂಡಳು. ಕಡೆದಳು, ಕೊರೆದಳು, ಗ್ಯಾಸ್ ಬರ್ನರಿನಲ್ಲಿ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದಳು. ಹಾಗೆ ಅದ್ದಿದ ಉಕ್ಕು ಕಲ್ಲಿನಷ್ಟು ಗಟ್ಟಿಯಾಗುತ್ತದೆ, ಆದರೆ ಗಾಜಿನ ಹಾಗೆ ಪೆಡಸು. ಒಂದು ಏಟಿಗೆ ಎರಡಾಗುತ್ತದೆ. ಆ ಪೆಡಸುತನ ಹೋಗಬೇಕಾದರೆ ಮತ್ತೊಮ್ಮೆ, ಈ ಸಲ ಹಿತವಾಗಿ, ಒಂದು ಗಂಟೆ ಕಾಯಿಸಿ ಹದಕ್ಕೆ ತರಬೇಕು. ಮನೆಯಲ್ಲೇ ಕೆಲಸ ಮಾಡುವ ಕೋಕಿಲಾಗೆ ಹಿತವಾದ ಕಾವು ಸಿಗುತ್ತಿದ್ದದ್ದು ಅಡುಗೆಮನೆಯ ಓವನ್ನಿನಲ್ಲಿ. ಮರಳು ತುಂಬಿದ ಟ್ರೇಯಲ್ಲಿ ಕೊಂಡಿಯನ್ನು ಹೂತು, ಕಾವಿನ ಗುಬುಟನ್ನು ಕೊನೆಗೆ ತಿರುಗಿಸಿ, ಗಂಟೆಯ ಗುಬುಟನ್ನೂ ತಿರುಗಿಸಿ ಬಿಟ್ಟರೆ ‘ಟಿಂಗ್’ ಅಂದಾಗ ಹದ ಬಂದಿರುತ್ತದೆ.

‘ಕೇಕ್ ಮಾಡೋ ಪೆಟ್ಟಿಗೇಲಿ ಕಬ್ಬಿಣ ಬೇಯಿಸ್ತಾಳಲ್ಲಪ್ಪ, ಇವಳೇನು ಹೆಂಗಸೋ ಕಮ್ಮಾರಳೋ’ ಎಂದು ಅತ್ತೆ ಕಲ್ಯಾಣಮ್ಮ ಶನಿವಾರ ಸಂಜೆಯೂ ಗೊಣಗಿದ್ದರು. ಟಿಂಗ್ ಅಂದಿತ್ತು. ರಾತ್ರಿಯೆಲ್ಲ ಮರಳಿನಲ್ಲೇ ಆರಲಿ ಎಂದು ಕೋಕಿಲಾ ಬಿಟ್ಟಿದ್ದಳು. ಬೆಳಿಗ್ಗೆ ಗುರುಸಿದ್ದಯ್ಯನವರು ಗೇಟಿನಲ್ಲಿ ನಿಂತು ‘ಎಂಟಕ್ಕೆ ನಮ್ಮ ಗುಂಪಿನೋರೆಲ್ಲಾ ಸೇರ್ತಾರೆ ಮೇಡಂ, ಮನೆಯವ್ರನ್ನೂ ಕೂರಿಸ್ಕೊಂಡು ಮಂಚನಬೆಲೆಗೆ ಹೊರಟೀವಿ’ ಎಂದು ಕುಣಿಯುತ್ತಿದ್ದರೆ, ಕೊಂಡಿಯನ್ನು ಮರಳಿನಿಂದ ಎತ್ತಿ ನೇರ ಪಾಲಿಶ್ ಚಕ್ರಕ್ಕೆ ಹಿಡಿದಳು. ಬೆಳ್ಳಿಯ ಹಾಗೆ ಹೊಳೆಯಿತು. ತಾನೇ ನೆಲದ ಮೇಲೆ ಅಂಗಾತ ಮಲಗಿ ಗಾಡಿಗೆ ಕೂರಿಸಿ, ಪೆಡಲು ಒತ್ತಿ ನೋಡಿದಳು. ಬೆಣ್ಣೆಯ ಹಾಗೆ ಇಳಿಯಿತು. ಗುರುಸಿದ್ದಯ್ಯನವರು ಕೈ ಮುಗಿದು ಹೊರಟರು.

ಅಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಬೇರೆ ಒಂದೆರಡು ಕೆಲಸ ಮುಗಿಸಿ, ಒಂಬತ್ತರ ಹೊತ್ತಿಗೆ ಕೋಕಿಲಾ ಕೈ ತೊಳೆದು ಒಳಗೆ ಬಂದಾಗ ಕಲ್ಯಾಣಮ್ಮ ಮಿಕ್ಸಿಯಲ್ಲಿ ಚಟ್ನಿ ರುಬ್ಬುತ್ತಿದ್ದರು. ಗಂಡ ಶ್ರೀರಾಮ್, ಬ್ಯಾಂಕಿನಲ್ಲಿ ಮ್ಯಾನೇಜರು, ತಟ್ಟೆ ಮುಂದಿಟ್ಟುಕೊಂಡು ದೋಸೆಗೆ ಕಾಯುತ್ತಿದ್ದ.

‘ನಿನ್ನೆ ರಾತ್ರಿಗೇ ರುಬ್ಬಿ ಇಟ್ಟಿರ್ತಿದ್ದೆ’ ಅಂದರು ಕಲ್ಯಾಣಮ್ಮ. ‘ಹಾಳು ಕರೆಂಟು. ದೀಪ ಹಚ್ಚೋ ಹೊತ್ತಿಗೆ ಹೋಗಿದ್ದು ಊಟದ ಹೊತ್ತಿಗೆ ಬಂತು.’

ಕೋಕಿಲಾ ಕೈ ಒರೆಸುತ್ತಿದ್ದ ಬಟ್ಟೆ ಹಾಗೇ ನಿಂತಿತು. ‘ಕರೆಂಟ್ ಹೋಗಿತ್ತಾ ಅತ್ತೆ? ಲೈಟ್ ಇತ್ತಲ್ಲ?’

‘ಲೈಟ್ ಇರದೆ ಏನು, ಯುಪಿಎಸ್ಸು. ಮಿಕ್ಸಿಗೆಲ್ಲಿ ಬರತ್ತೆ ಅದು?’

ಮಿಕ್ಸಿಗೆ ಬರುವುದಿಲ್ಲ. ಗೀಸರಿಗೆ ಬರುವುದಿಲ್ಲ. ಓವನ್ನಿಗೂ ಬರುವುದಿಲ್ಲ. ಲೈಟು ಫ್ಯಾನು ನಡೆಯುತ್ತಲೇ ಇದ್ದದ್ದರಿಂದ ಪೋರ್ಟಿಕೋದಲ್ಲಿ ಅರ ಉಜ್ಜುತ್ತ ಕೂತಿದ್ದ ಕೋಕಿಲಾಗೆ ಕರೆಂಟು ಹೋದದ್ದೇ ಗೊತ್ತಾಗಿರಲಿಲ್ಲ. ಓವನ್ನಿನ ಗಂಟೆಗೋ ಕರೆಂಟೇ ಬೇಕಿಲ್ಲ. ಅದು ಕೀಲಿ ಕೊಟ್ಟ ಆಟಿಕೆಯ ಹಾಗೆ ತನ್ನ ಪಾಡಿಗೆ ಟಿಕಟಿಕ ತಿರುಗಿ, ತಣ್ಣನೆಯ ಪೆಟ್ಟಿಗೆಯಲ್ಲಿ ಕೂತೇ ಟಿಂಗ್ ಅಂದಿದೆ.

ಹದ ಬಂದ ಉಕ್ಕು ಬಣ್ಣ ತಿರುಗುತ್ತದೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಹಳೇ ಬೆಲ್ಲದ ಬಣ್ಣ. ಬೆಳಿಗ್ಗೆ ಮರಳಿನಿಂದ ಎತ್ತಿದಾಗ ಅದು ಯಾವ ಬಣ್ಣದಲ್ಲಿತ್ತು? ಕಣ್ಣು ಮುಚ್ಚಿ ನೆನೆದಳು. ನೆನಪಾಗಲಿಲ್ಲ. ನೋಡಿದ್ದರೆ ತಾನೇ ನೆನಪಾಗುವುದು! ಎತ್ತಿದಳು, ಪಾಲಿಶಿಗೆ ಹಿಡಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ಗಾದೆ ಸುಮ್ಮನೆ ಮಾಡಿದ್ದಾರೆಯೇ?

‘ರೀ, ಏಳಿ. ಕಾರ್ ತೆಗೀರಿ.’

‘ದೋಸೆ?’

‘ದೋಸೆ ಮನೆ ಹಾಳಾಯ್ತು, ಏಳಿ ಅಂದ್ರೆ!’

ಗುರುಸಿದ್ದಯ್ಯನವರ ಫೋನಿಗೆ ಹಚ್ಚಿದಳು. ಪೂರ್ತಿ ಬಡಿದು ನಿಂತಿತು. ಮತ್ತೆ ಹಚ್ಚಿದಳು. ಗಾಡಿ ಓಡಿಸುವವರು, ಅದೂ ಆ ವಯಸ್ಸಿನವರು, ಫೋನನ್ನು ಡಿಕ್ಕಿಯೊಳಗಿನ ಚೀಲದೊಳಗಿನ ಪೌಚಿನಲ್ಲಿ ಇಟ್ಟಿರುತ್ತಾರೆ. ಹಳೆಯ ಸವೆದ ಕೊಂಡಿ ಮೇಜಿನ ಮೇಲೇ ಬಿದ್ದಿತ್ತು. ಅದನ್ನೂ ಸುತ್ತಿಗೆ, ಇಕ್ಕಳ, ಒಂದೆರಡು ಸ್ಪ್ಯಾನರನ್ನೂ ತರಕಾರಿ ಚೀಲಕ್ಕೆ ತುಂಬಿಕೊಂಡು ಓಡಿದಳು. ಕಲ್ಯಾಣಮ್ಮ ಸೌಟು ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಕಾರು ಬೀದಿ ತಿರುಗಿತ್ತು.

ಕಾಮಾಕ್ಷಿಪಾಳ್ಯ ದಾಟುವವರೆಗೂ ಅವಳು ಹೇಳಿದ್ದನ್ನು ಕೇಳಿಸಿಕೊಂಡ ಶ್ರೀರಾಮ್ ಮೊದಲು ಅಂದದ್ದು, ‘ಮುಂದಿನ ಬ್ರೇಕ್ ಇದ್ಯಲ್ಲ?’

‘ಆ ಗಾಡಿ ಮುಂದಿನ ಬ್ರೇಕ್ ನಾಮಕಾವಾಸ್ತೆ ರೀ. ಸೈಕಲ್ಲೇ ವಾಸಿ. ಮಂಚನಬೆಲೆಗೆ ಇಳಿಜಾರು. ಹಿಂದೆ ಅವ್ರ ಹೆಂಡ್ತಿ ಬೇರೆ ಕೂತಿರ್ತಾರೆ. ಇಳಿಜಾರಲ್ಲಿ ಜೋರಾಗಿ ತುಳಿದ್ರೆ...’ ಅವಳು ಸೀಟಿನ ಅಂಚಿಗೆ ಸರಿದು, ಮುಂದಿನ ಬಸ್ಸನ್ನು ಕೈಯಿಂದಲೇ ತಳ್ಳುವವಳ ಹಾಗೆ ಕೂತಳು.

ಗುಂಪನ್ನು ನಡೆಸುವವನು ಆತ್ರೇಯ ಎಂಬ ಹುಡುಗ, ವಿಜಯನಗರದವನು. ಅವನಿಗೆ ಫೋನು ಹಚ್ಚಿದಳು. ಅವನು ಎತ್ತಿದ.

‘ಹೇಳಿ ಮೇಡಂ. ನಾನು ಇವತ್ತು ರೈಡ್‌ಗೆ ಹೋಗ್ಲಿಲ್ಲ, ಜ್ವರ. ಎಲ್ಲಾ ತಾವರೆಕೆರೇಲಿ ತಿಂಡಿಗೆ ನಿಲ್ಲಿಸ್ತಾರೆ. ಯಾಕೆ ಮೇಡಂ, ಏನಾದ್ರೂ ಪ್ರಾಬ್ಲಮ್ಮಾ?’

ನಿಜ ಬಾಯಿಗೆ ಬಂದಿತ್ತು. ಶ್ರೀರಾಮ್ ಸ್ಟೇರಿಂಗಿನಿಂದ ಒಂದು ಕೈ ಎತ್ತಿ ಬೇಡ ಬೇಡ ಎಂದು ಆಡಿಸಿದ.

‘ಏನಿಲ್ಲಪ್ಪ. ಗುರುಸಿದ್ದಯ್ಯ ಸಾರ್‌ಗೆ ಏನೋ ಕೊಡೋದಿತ್ತು. ನಾನ್ ಬರೋವರ್ಗೂ ತಿಂಡಿ ಹತ್ರಾನೇ ಇರಕ್ಕೆ ಹೇಳ್ತೀಯಾ?’

‘ಮೆಸೇಜ್ ಹಾಕ್ತೀನಿ ಮೇಡಂ’ ಅಂದ ಅವನು. ಮೆಸೇಜ್! ಡಿಕ್ಕಿಯಲ್ಲಿರುವ ಫೋನಿಗೆ ಮೆಸೇಜು ಹಾಕಿದರೆ ಸ್ಕೂಟರು ಓದುತ್ತದೆಯೇ?

ಫೋನು ಇಟ್ಟ ಮೇಲೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ‘ಯಾಕ್ರೀ ತಡೆದ್ರಿ? ನಿಜ ಹೇಳಿದ್ರೆ ಗುಂಪಲ್ಲಿರೋ ಯಾರಾದ್ರೂ ಅಡ್ಡ ಹಾಕಿ ನಿಲ್ಲಿಸ್ತಿದ್ರು.’

‘ಗುಂಪಲ್ಲಿ ಎಷ್ಟು ಜನ ಇದಾರೆ ಗೊತ್ತೇನೇ? ಒಂದ್ಸಲ ಹಾಕಿದ್ರೆ ಮುಗೀತು. ಕೋಕಿಲಾ ಮೇಡಂ ಮಾಡಿದ್ದು ಮುರಿಯತ್ತೆ ಅಂತ ಕಾಸರಗೋಡಿಂದ ಬೀದರ್‌ವರ್ಗೂ ಹೋಗತ್ತೆ. ನೀನು ಇಷ್ಟು ವರ್ಷ ಕಟ್ಟಿದ್ದೆಲ್ಲ ಒಂದು ಬೆಳಿಗ್ಗೇಲಿ ಹೋಗತ್ತೆ. ಹೋಗೋಣ, ನಗ್ತಾ ನಗ್ತಾ ಮಾತಾಡೋಣ. ಅಳತೆ ತಗೊಳ್ಳೋದು ಮರೆತೆ, ನಾಳೆ ವಾಪಸ್ ಕೊಡ್ತೀನಿ ಅನ್ನು. ಹಳೇದು ಹಾಕು. ಯಾರಿಗೂ ಗೊತ್ತಾಗಲ್ಲ, ಯಾರಿಗೂ ಏನೂ ಆಗಲ್ಲ.’

ಅವನೇನು ಕೆಟ್ಟವನಲ್ಲ. ಬ್ಯಾಂಕಿನಲ್ಲಿ ಕೂತು ಕೂತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡಿ ಕೆಲಸ ಮುಗಿಸುವುದು ರೂಢಿಯಾಗಿತ್ತು. ಹೆಂಡತಿಯ ಹೆಸರೆಂದರೆ ಅವನಿಗೂ ಹೆಮ್ಮೆ. ಮತ್ತು ಅವನು ಹೇಳಿದ್ದರಲ್ಲಿ ತಪ್ಪೇನಿದೆ ಅಂತ ಕೋಕಿಲಾಗೂ ಅನ್ನಿಸಿತು, ಅದೇ ಅವಳಿಗೆ ಇನ್ನಷ್ಟು ತಳಮಳ. ಫೋನಿನಲ್ಲಿ ಗುಂಪು ತೆರೆದು ‘ಲ್ಯಾಂಬ್ರೆಟಾ ನಿಲ್ಲಿಸಿ’ ಎಂದು ಬೆರಳಿಂದ ಬರೆದಳು. ಅಳಿಸಿದಳು. ಮತ್ತೆ ಬರೆದಳು. ಸುಮನಹಳ್ಳಿ ಸಿಗ್ನಲ್ಲಿನಲ್ಲಿ ಶ್ರೀರಾಮ್ ಫೋನನ್ನೇ ಅವಳ ಕೈಯಿಂದ ತೆಗೆದು ತನ್ನ ಜೇಬಿಗೆ ಹಾಕಿಕೊಂಡ.

ಸುಂಕದಕಟ್ಟೆಯಲ್ಲಿ ಭಾನುವಾರವೆಂಬ ಭೇದವಿಲ್ಲದೆ ಗಾಡಿಗಳು ಒತ್ತಿ ನಿಂತಿದ್ದವು. ಹೇರೋಹಳ್ಳಿ ಹತ್ತಿರ ಪೈಪಿಗೆಂದು ರಸ್ತೆ ಅಗೆದು ಮಣ್ಣನ್ನು ದಾರಿಗೇ ಸುರಿದಿದ್ದರು. ಕಾರು ಹಳ್ಳಕ್ಕೆ ಇಳಿದು ಏರಿದಾಗಲೆಲ್ಲ ಕೋಕಿಲಾಗೆ ಆ ಸ್ಕೂಟರೂ ಇದೇ ಹಳ್ಳಕ್ಕೆ ಇಳಿದಿರಬೇಕು, ಗುರುಸಿದ್ದಯ್ಯನವರು ಇಲ್ಲೇ ಬ್ರೇಕು ತುಳಿದಿರಬೇಕು ಅನ್ನಿಸುತ್ತಿತ್ತು. ರಸ್ತೆಯ ಬದಿಯಲ್ಲಿ ಜನ ಗುಂಪು ಸೇರಿದ್ದು ಕಂಡರೆ ಸಾಕು, ಕಿಟಕಿಯಿಂದ ಕತ್ತು ಹೊರಗೆ. ಒಂದು ಕಡೆ ಕೋಳಿ ಅಂಗಡಿ. ಇನ್ನೊಂದು ಕಡೆ ಯಾರದೋ ಹೊಸ ಸೈಟಿನ ಗುದ್ದಲಿ ಪೂಜೆ.

‘ಸ್ವಲ್ಪ ಜೋರಾಗ್ ಹೋಗ್ರೀ!’

‘ನಾನೂ ಸಾಯ್ಬೇಕೇನೇ?’ ಅಂದ ಶ್ರೀರಾಮ್. ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿ ಬಾಯಿ ಮುಚ್ಚಿಕೊಂಡು ಆಕ್ಸಿಲರೇಟರು ಒತ್ತಿದ.

ತಾವರೆಕೆರೆಯ ಹೋಟೆಲಿನ ಮುಂದೆ ಹಳೇ ಗಾಡಿಗಳು ಸಾಲಾಗಿ ನಿಂತಿದ್ದವು. ಮೀಸೆ ಹೊತ್ತ ಗಂಡಸರು, ಬಣ್ಣದ ಹೆಲ್ಮೆಟ್ಟಿನ ಹುಡುಗರು, ತಟ್ಟೆ ಇಡ್ಲಿ ಮುಂದಿಟ್ಟುಕೊಂಡು ಗಲಗಲ ಅನ್ನುತ್ತಿದ್ದರು. ಕೋಕಿಲಾ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಓಡಿ ನೋಡಿದಳು. ಲ್ಯಾಂಬ್ರೆಟಾ ಇರಲಿಲ್ಲ.

‘ಗುರುಸಿದ್ದಯ್ಯ ಅವ್ರಾ?’ ಅಂದ ಒಬ್ಬ. ‘ಅವ್ರು ತಿಂಡಿ ಬೇಗ ಮುಗಿಸ್ಕೊಂಡು ಹೋದ್ರು ಮೇಡಂ, ನಿಧಾನವಾಗಿ ಮುಂದೆ ಹೋಗ್ತಿರ್ತೀವಿ ಅಂತ. ನಿಮ್ಮ ಪಾರ್ಟ್ ಎಲ್ರಿಗೂ ತೋರಿಸಿದ್ರು. ಸೂಪರ್ ಮೇಡಂ! ನಂಗೂ ಒಂದು...’

ಅವನ ಮಾತು ಮುಗಿಯುವ ಮೊದಲೇ ಅವಳು ಕಾರಿನ ಬಾಗಿಲು ಎಳೆದುಕೊಂಡಿದ್ದಳು. ಆ ಹೊಗಳಿಕೆ ಮೈಮೇಲೆ ಬಿಸಿ ಎಣ್ಣೆ ಬಿದ್ದ ಹಾಗಿತ್ತು. ಹಿಂದಿನಿಂದ ಏನೋ ಆಗಿದೆ ಅಂತ ಮೂಸಿ ನೋಡಿದ ಒಂದಿಬ್ಬರು ತಟ್ಟೆ ಬಿಟ್ಟು ಗಾಡಿ ಕಿಕ್ ಹೊಡೆಯುತ್ತಿದ್ದದ್ದು ಕೇಳಿಸಿತು.

ತಾವರೆಕೆರೆ ದಾಟಿ ಮಂಚನಬೆಲೆ ಕಡೆಗೆ ತಿರುಗಿದರೆ ರಸ್ತೆ ಬರಿದಾಗುತ್ತದೆ. ಬಂಡೆ, ಹುಲ್ಲು, ಅಲ್ಲೊಂದು ಇಲ್ಲೊಂದು ತೋಟದ ಮನೆ. ಕೋಕಿಲಾ ಪ್ರತಿ ತಿರುವಿನಲ್ಲೂ ರಸ್ತೆಯನ್ನು ನೋಡುತ್ತಿರಲಿಲ್ಲ, ರಸ್ತೆಯ ಪಕ್ಕದ ಹಳ್ಳವನ್ನು ನೋಡುತ್ತಿದ್ದಳು. ಜೀವಮಾನದಲ್ಲಿ ದೇವರಿಗೆ ಹರಕೆ ಹೊತ್ತವಳಲ್ಲ, ಸೈನ್ಸ್ ಟೀಚರು. ಆದರೂ ಬಾಯಲ್ಲಿ ‘ತಂದೆ, ತಂದೆ’ ಅನ್ನುವುದೊಂದೇ ಬರುತ್ತಿತ್ತು, ಯಾವ ತಂದೆಯೋ ಅವಳಿಗೇ ಗೊತ್ತಿಲ್ಲ.

ದೊಡ್ಡ ಇಳಿಜಾರು ಶುರುವಾಗುವುದಕ್ಕೆ ಸ್ವಲ್ಪ ಮುಂಚೆ, ಅತ್ತಿಮರದ ಕೆಳಗೆ ಎಳನೀರಿನ ಗಾಡಿ. ಅದರ ಪಕ್ಕದಲ್ಲಿ ಕೆನೆ ಬಣ್ಣದ ಲ್ಯಾಂಬ್ರೆಟಾ. ಗುರುಸಿದ್ದಯ್ಯನವರು ಆಗಲೇ ಗಾಡಿ ಏರಿ ಹೆಲ್ಮೆಟ್ಟಿನ ಪಟ್ಟಿ ಕಟ್ಟುತ್ತಿದ್ದರು. ಅವರ ಹೆಂಡತಿ ಗಿರಿಜಾದೇವಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಹಿಂದೆ ಕೂರಲು ಬರುತ್ತಿದ್ದರು. ಅವರನ್ನು ನೋಡಿದ್ದೇ ಕೋಕಿಲಾಳ ಕಣ್ಣಲ್ಲಿ ನೀರು ಬಂತು.

‘ಓಹೋಹೋ, ಮೇಡಮ್ಮೋರು! ನೀವೂ ಬಂದ್ರಾ?’ ಗುರುಸಿದ್ದಯ್ಯನವರ ಮುಖ ಅರಳಿತು. ‘ಲೇ ಗಿರಿಜಾ, ಇವರೇ ನೋಡು, ನಾನು ಹೇಳಿದ್ನಲ್ಲ.’

ಕೋಕಿಲಾ ಬಾಯಿ ತೆರೆಯುವ ಮೊದಲೇ ಶ್ರೀರಾಮ್ ಮುಂದೆ ಬಂದ. ಬ್ಯಾಂಕಿನ ನಗು. ‘ನಮಸ್ಕಾರ ಸಾರ್. ಏನಿಲ್ಲ, ಇವಳು ಆ ಪಾರ್ಟಿನ ಅಳತೆ ಬರ್ಕೊಳ್ಳೋದೇ ಮರೆತಿದಾಳೆ. ಒಂದಿನ ವಾಪಸ್ ಬೇಕಂತೆ. ಇವತ್ತಿಗೆ ಹಳೇದು ಹಾಕ್ಬಿಡ್ತಾಳೆ, ಎರಡೇ ನಿಮಿಷ.’

‘ಅಷ್ಟಕ್ಕೆ ಇಲ್ಲೀತನಕ ಬಂದ್ರಾ? ಅಯ್ಯೋ, ನಾಳೆ ನಾನೇ ಗಾಡಿ ತಂದು ನಿಮ್ಮ ಗೇಟಿನ ಮುಂದೆ ನಿಲ್ಲಿಸ್ತೀನಿ, ಎಷ್ಟು ಬೇಕಾದ್ರೂ ಅಳತಿ ತಗೊಳ್ಳಿ. ಇವತ್ತು ಮಾತ್ರ ಬಿಚ್ಚಬ್ಯಾಡಿ. ಹೆಂಗ್ ಹಿಡಿತೈತಿ ಅಂತೀರಿ ಬ್ರೇಕು! ಬಾರೇ, ಹತ್ತು.’ ಅಂದವರೇ ಕಿಕ್ ಹೊಡೆದರು. ಗಾಡಿ ಡಬಡಬ ಎಂದು ಎಚ್ಚೆತ್ತಿತು.

ಶ್ರೀರಾಮನ ನಗು ಮುಖದ ಮೇಲೇ ಉಳಿಯಿತು, ಮಾತು ಮಾತ್ರ ಮುಗಿದಿತ್ತು. ತಾವರೆಕೆರೆಯ ಕಡೆಯಿಂದ ಗಾಡಿಗಳ ಸದ್ದು ಹತ್ತಿರವಾಗುತ್ತಿತ್ತು. ಗಿರಿಜಾದೇವಿ ಗಂಡನ ಭುಜ ಹಿಡಿದು ಒಂದು ಕಾಲು ಎತ್ತಿದ್ದರು.

ಕೋಕಿಲಾ ಹೋಗಿ ಗಾಡಿಯ ಮುಂದೆ ನಿಂತು ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದಳು.

‘ಆಫ್ ಮಾಡಿ ಸಾರ್. ಅದು ಮುರಿಯತ್ತೆ.’

‘ಏನು?’

‘ನಾನು ಮಾಡಿರೋದು ಮುರಿಯತ್ತೆ. ಹದ ಬಂದಿಲ್ಲ ಅದಕ್ಕೆ. ನಿನ್ನೆ ಕರೆಂಟ್ ಹೋಗಿತ್ತು, ನಂಗೆ ಗೊತ್ತಾಗ್ಲಿಲ್ಲ. ನೋಡದೇ ಕೊಟ್ಬಿಟ್ಟೆ. ಅಳತೆ ಗಿಳತೆ ಎಲ್ಲ ಸುಳ್ಳು ಸಾರ್. ದಯವಿಟ್ಟು ಇಳೀರಿ.’

ಗುರುಸಿದ್ದಯ್ಯನವರು ಗಾಡಿ ಆರಿಸಿದರು. ಆದರೆ ನಂಬಲಿಲ್ಲ. ‘ಏನ್ ಮೇಡಂ ನೀವು, ಮೊಮ್ಮಕ್ಕಳ ಕಾಲಕ್ಕೂ ಇರತ್ತೆ ಅಂದೋರು ನೀವೇ. ಗೋವಿಂದರಾಜನಗರದಿಂದ ಇಲ್ಲೀತನಕ ತುಳ್ಕೊಂಡು ಬಂದೀನಿ. ಕೈಯಿಂದ ಮಾಡಿದೋರಿಗೆ ಹಂಗೇ, ಮಗಳನ್ನ ಕೊಟ್ಟಂಗೆ ಅನುಮಾನ. ಏನೂ ಆಗಲ್ಲ, ಬಿಡಿ.’

ಅವಳು ವಾದ ಮಾಡಲಿಲ್ಲ. ಸೀರೆಯ ಗೊಡವೆ ಬಿಟ್ಟು ಮಣ್ಣಿನ ಮೇಲೆ ಅಂಗಾತ ಮಲಗಿ, ಬೆಳಿಗ್ಗೆ ತಾನೇ ಕೂರಿಸಿದ ಪಿನ್ನನ್ನು ಇಕ್ಕಳದಿಂದ ಎಳೆದಳು. ಕೊಂಡಿ ಈಚೆಗೆ ಬಂತು, ಹೊಳೆಯುತ್ತಿತ್ತು, ಕೆಟ್ಟದ್ದು ಅಂತ ಯಾರು ಹೇಳಬೇಕು? ಅಷ್ಟರಲ್ಲಿ ಹಿಂದಿನ ಗಾಡಿಗಳೂ ಬಂದು ಸುತ್ತ ನಿಂತಿದ್ದವು. ಒಬ್ಬ ಹುಡುಗ ಅಭ್ಯಾಸಬಲದಿಂದ ಮೊಬೈಲು ಎತ್ತಿ ವಿಡಿಯೋಗೆ ಹಿಡಿದಿದ್ದ. ಶ್ರೀರಾಮ್ ‘ಕೋಕಿ, ಮನೆಗೆ ಹೋಗಿ ನೋಡೋಣ ಕಣೇ’ ಎಂದು ಮೆಲ್ಲಗೆ ಅಂದ. ಅವಳಿಗೆ ಕೇಳಿಸಿತು. ಕೇಳಿಸಿಯೂ ಕೊಂಡಿಯನ್ನು ರಸ್ತೆಯಂಚಿನ ಕಲ್ಲಿಗೆ ಓರೆಯಾಗಿ ಒರಗಿಸಿಟ್ಟು ಸುತ್ತಿಗೆ ಎತ್ತಿದಳು. ಹದ ಬಂದಿದ್ದರೆ ಉಕ್ಕು ಮುರಿಯುವುದಿಲ್ಲ, ಬಾಗುತ್ತದೆ. ಮನಸ್ಸಿನಲ್ಲಿ ಒಂದು ಮೂಲೆ ಇನ್ನೂ ‘ಬಾಗಲಿ, ದೇವರೇ, ಬಾಗಲಿ’ ಅನ್ನುತ್ತಿತ್ತು.

ಜೋರಾಗಿ ಹೊಡೆಯಲೂ ಇಲ್ಲ. ತೆಂಗಿನಕಾಯಿಗೆ ಹಾಕುವ ಏಟಿನ ಅರ್ಧ. ಕೊಂಡಿ ಎರಡಾಗಿ ಒಂದು ಚೂರು ಎಳನೀರಿನವನ ಕಾಲ ಬಳಿ ಹಾರಿ ಬಿತ್ತು.

ಗುರುಸಿದ್ದಯ್ಯನವರು ಬಗ್ಗಿ ಆ ಚೂರನ್ನು ಎತ್ತಿಕೊಂಡರು. ಮುರಿದ ಜಾಗ ಕಲ್ಲುಸಕ್ಕರೆ ಒಡೆದ ಹಾಗೆ ಕಾಳುಕಾಳಾಗಿ ಮಿನುಗುತ್ತಿತ್ತು. ಅವರು ಅದನ್ನು ನೋಡಿದರು, ಮುಂದೆ ಕೆಳಕ್ಕೆ ಇಳಿದು ಹೋಗುವ ರಸ್ತೆಯನ್ನು ನೋಡಿದರು, ಆಮೇಲೆ ಹೆಂಡತಿಯನ್ನು ನೋಡಿದರು. ಮೆಲ್ಲಗೆ ಹೋಗಿ ಎಳನೀರು ಬುರುಡೆಗಳ ರಾಶಿಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟರು.

‘ತಪ್ಪಾಯ್ತು ಸಾರ್’ ಅಂದಳು ಕೋಕಿಲಾ. ‘ದೊಡ್ಡ ತಪ್ಪಾಯ್ತು.’

ಅವರು ತಲೆ ಆಡಿಸಿದರು, ಆದರೆ ಅವಳ ಮುಖ ನೋಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ವಿಡಿಯೋ ಹುಡುಗ ಮೊಬೈಲನ್ನು ಇಳಿಸಿ ಅತ್ತಿತ್ತ ನೋಡಿದ. ಅದು ಗುಂಪಿಗೆ ಹೋಗುತ್ತದೋ ಇಲ್ಲವೋ, ಹೋಗುವುದಾದರೆ ಎಷ್ಟು ಬೇಗ ಹೋಗುತ್ತದೆ ಅನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೋಕಿಲಾ ಹಳೆಯ ಸವಕಲು ಕೊಂಡಿಯನ್ನು ಮತ್ತೆ ಕೂರಿಸಿದಳು. ಗಡಗಡ ಅಂದಿತು, ಆದರೆ ಹಿಡಿಯಿತು. ನಿಧಾನವಾಗಿ ಮನೆ ಮುಟ್ಟಲು ಅಷ್ಟು ಸಾಕು.

ಗಿರಿಜಾದೇವಿ ಅವಳ ಹತ್ತಿರ ಬಂದು ನಿಂತರು. ಕಣ್ಣು ಕೆಂಡವಾಗಿತ್ತು.

‘ಕರೆಂಟು ಹೋಗಿತ್ತು ಅಂದಿ, ಎದ್ರಾಗ ಕಾಸಿದ್ದಿ ಇದನ್ನ?’

‘ಅಡುಗೆಮನೆ ಓವನ್ನಲ್ಲಿ, ಅಮ್ಮ. ಟಿಂಗ್ ಅಂತು. ಆಗಿದೆ ಅನ್ಕೊಂಡೆ.’

‘ನಮ್ಮನ್ಯಾಗೂ ಐತಿ ಆ ಪೆಟಗಿ. ಕರೆಂಟು ಇರಲಿ ಬಿಡಲಿ, ಗಂಟಿ ಮಾತ್ರ ಹೊಡಿತೈತಿ. ಮೊಮ್ಮಗಳ ಬರ್ತ್‌ಡೇ ಕೇಕು ಹಂಗೇ ಹಸೀದು ಉಳಿದಿತ್ತು, ನಾಕು ಮಂದಿ ಮುಂದೆ ಮರ್ಯಾದಿ ಹೋತು.’ ಬೈಯಲು ಬಂದವರಿಗೆ ನಡುವೆ ಬೇರೇನೋ ಹೊಳೆದ ಹಾಗಿತ್ತು. ‘ಅಲ್ಲವ್ವಾ, ನೀನು ಇಂಥಾವು ಎಷ್ಟೋ ಮಾಡಿ ಕೊಟ್ಟೀಯಂತಲ್ಲ. ನಿಮ್ಮ ಓಣ್ಯಾಗ ಕರೆಂಟು ಹೋಗಿದ್ದು ನಿನ್ನೆ ಒಂದಿನಾ ಮಾತ್ರ ಏನು?’

ಕೋಕಿಲಾ ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟಳು.

ಮೊದಮೊದಲು ಅವಳು ಪ್ರತಿಯೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಹುಲ್ಲಿನ ಬಣ್ಣವೋ ಬೆಲ್ಲದ ಬಣ್ಣವೋ ಅಂತ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಆರ್ಡರುಗಳು ಹೆಚ್ಚಾದವು. ಹೆಸರು ಬಂತು. ಆಮೇಲೆ ಎತ್ತು, ಪಾಲಿಶ್ ಮಾಡು, ಡಬ್ಬಿಗೆ ಹಾಕು. ಯಾವತ್ತಿನಿಂದ ನೋಡುವುದು ಬಿಟ್ಟೆ? ಬೇಸಿಗೆಯಲ್ಲಿ, ಕರೆಂಟು ದಿನ ಬಿಟ್ಟು ದಿನ ಸಂಜೆ ಹೊತ್ತಿಗೇ ಹೋಗುತ್ತಿದ್ದ ಕಾಲದಲ್ಲಿ, ನೋಡುತ್ತಿದ್ದೆನೇ? ಓವನ್ನಿನ ಕೆಲಸವೆಲ್ಲ ಸಂಜೆಯದ್ದೇ. ಸಕಲೇಶಪುರದ ಕಶ್ಯಪ್‌ಗೆ ಕಳಿಸಿದ್ದು ಬೇಸಿಗೆಯಲ್ಲಿ. ಮಡಿಕೇರಿಯ ಮಾನಸಳಿಗೆ ಕಳಿಸಿದ್ದು ಅದೇ ತಿಂಗಳು; ಇದೇ ಬ್ರೇಕಿನ ಕೊಂಡಿ, ಇದೇ ಉಕ್ಕು. ಚಿಕ್ಕಮಗಳೂರಿಗೆ, ಆಗುಂಬೆ ಕಡೆಯ ಯಾರಿಗೋ. ಹಳೇ ಗಾಡಿ ಇಟ್ಟುಕೊಂಡವರೆಲ್ಲ ಯಾಕೆ ಬೆಟ್ಟದ ಮೇಲೇ ಇರುತ್ತಾರೋ! ಅವಳು ಬೆರಳು ಮಡಿಸಿ ಒಂದೊಂದೇ ಎಣಿಸತೊಡಗಿದಳು.

‘ಏನವ್ವಾ?’ ಅಂದರು ಗಿರಿಜಾದೇವಿ. ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ, ಭಯ ಇತ್ತು.

‘ಗೊತ್ತಿಲ್ಲಮ್ಮ’ ಅಂದಳು ಕೋಕಿಲಾ. ‘ನಂಗೆ ಗೊತ್ತಿಲ್ಲ.’ ಆಮೇಲೆ ಗಂಡನ ಕಡೆ ತಿರುಗಿ ಕೈ ಚಾಚಿದಳು. ‘ಫೋನ್ ಕೊಡಿ.’

ಶ್ರೀರಾಮ್ ಜೇಬಿಗೆ ಕೈ ಹಾಕಿದ. ಅವನಿಗೂ ಎಲ್ಲಾ ಅರ್ಥವಾಗಿತ್ತು, ಮುಖ ಬಿಳಿಚಿಕೊಂಡಿತ್ತು. ಏನೋ ಹೇಳುತ್ತಾನೆ, ಮನೆಗೆ ಹೋಗಿ ಯೋಚನೆ ಮಾಡೋಣ ಅನ್ನುತ್ತಾನೆ ಅಂದುಕೊಂಡಳು. ಅವನು ಫೋನು ತೆಗೆದು ಅವಳ ಕೈಗಿಟ್ಟು, ಜೊತೆಗೆ ತನ್ನ ಫೋನನ್ನೂ ತೆಗೆದ.

‘ಮೊದಲು ಯಾರಿಗೆ?’ ಅಂದ.

‘ಘಾಟಿ ಇರೋ ಊರಿನೋರಿಗೆ.’

ಮಡಿಕೇರಿಯ ನಂಬರು ಒತ್ತಿದಳು. ರಿಂಗಾಗುತ್ತಲೇ ಇತ್ತು. ಅವಳು ರಸ್ತೆಯ ಮೇಲೆ ಅತ್ತ ನಾಕು ಹೆಜ್ಜೆ, ಇತ್ತ ನಾಕು ಹೆಜ್ಜೆ ಹಾಕಿದಳು. ಗಾಡಿಯವರೆಲ್ಲ ದಾರಿ ಬಿಟ್ಟು ನಿಂತಿದ್ದರು.

‘ಹಲೋ, ಕೋಕಿಲಾ ಮೇಡಂ! ಏನ್ ಮೇಡಂ ಭಾನುವಾರ ಬೆಳಿಗ್ಗೆ?’ ನಿದ್ದೆಗಣ್ಣಿನ ಹುಡುಗಿಯ ದನಿ.

‘ಮಾನಸ, ನಿಮ್ಮ ಗಾಡಿ ಈಗ ಎಲ್ಲಿದೆ?’

‘ಗಾಡಿನಾ? ಅಪ್ಪ ತಗೊಂಡು ಹೋದ್ರು ಮೇಡಂ, ಈಗ ತಾನೇ. ಘಾಟಿ ಇಳಿದು ಸಂಪಾಜೆ ಕಡೆ ಯಾರ್ದೋ ಮದುವೆ. ಯಾಕೆ ಮೇಡಂ?’

‘ನಾನು ಮಾಡ್ಕೊಟ್ಟಿರೋದು ಮುರಿದು ಹೋಗಬಹುದಮ್ಮ. ನನ್ನ ತಪ್ಪು. ಅಪ್ಪಂಗೆ ಫೋನ್ ಮಾಡು, ಎತ್ತಲಿಲ್ಲ ಅಂದ್ರೆ ದಾರೀಲಿ ಗೊತ್ತಿರೋರಿಗೆ ಮಾಡು. ಬ್ರೇಕ್ ಜೋರಾಗಿ ತುಳೀಬೇಡಿ ಅನ್ನು, ಗೇರಲ್ಲೇ ನಿಧಾನ ಮಾಡಿ ಗುಡ್ಡದ ಪಕ್ಕಕ್ಕೆ ನಿಲ್ಲಿಸಕ್ಕೆ ಹೇಳು. ಇಡು, ಈಗ್ಲೇ ಮಾಡು, ಇಡಮ್ಮ!’

ಆ ಕಡೆ ಫೋನು ಕಟ್ಟಾಯಿತು. ಕೋಕಿಲಾ ಹಣೆಯ ಬೆವರನ್ನು ಮಣ್ಣುಗೈಯಿಂದಲೇ ಒರೆಸಿಕೊಂಡು ಸಕಲೇಶಪುರದ ನಂಬರು ಒತ್ತಿದಳು.